ಅದರಲ್ಲಿ ಬಣ್ಣ ಬೆರೆಸುವುದೇ ಇಲ್ಲ!

ಡೈಕ್ರೋಯಿಕ್ ಗಾಜಿನ, ಅಂದರೆ ನೋಡುವ ಕೋನ ಬದಲಾದಂತೆ ಬಣ್ಣ ಬದಲಾಗುವ ಗಾಜಿನ, ಪೆಂಡೆಂಟ್ ಬಗ್ಗೆ ನೀವು ಬರೆದದ್ದು ಇಷ್ಟವಾಯಿತು. ಆದರೆ ‘ಗಾಜಿಗೆ ಎರಡು ಬಣ್ಣ ಬೆರೆಸುತ್ತಾರೆ’ ಅಂದಿದ್ದೀರಲ್ಲ, ಅದು ತಪ್ಪು. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಟೈಟಾನಿಯಂ, ಸಿಲಿಕಾನ್‌ನಂಥವುಗಳ ಆಕ್ಸೈಡನ್ನು ಆವಿ ಮಾಡಿ ಗಾಜಿನ ಮೇಲೆ ತೀರಾ ತೆಳುವಾದ ಪದರಗಳಾಗಿ ಕೂರಿಸುತ್ತಾರೆ. ಕೆಲವು ಬಣ್ಣದ ಬೆಳಕು ವಾಪಸ್ ಬರುತ್ತದೆ, ಉಳಿದದ್ದು ಒಳಗೆ ದಾಟಿ ಹೋಗುತ್ತದೆ. ಸೋಪಿನ ಗುಳ್ಳೆ ಮಿರುಗುತ್ತದೆ ನೋಡಿ, ಹಾಗೆ.

ಗಾಜು ಕರಗಿಸಿ ಇಂಥ ಪೆಂಡೆಂಟ್ ಮಾಡಲು ಶುರು ಮಾಡುವವರಿಗೆ ಒಂದು ಮಾತು. ನಾನು ಮೊದಮೊದಲು 90 ಮತ್ತು 96 ಸಿಒಇ (ಬಿಸಿಗೆ ಗಾಜು ಎಷ್ಟು ಹಿಗ್ಗುತ್ತದೆ ಅನ್ನುವ ಅಳತೆ) ಗಾಜುಗಳನ್ನು ಒಟ್ಟಿಗೆ ಇಟ್ಟು ಕರಗಿಸಿದ್ದೆ. ಎರಡೂ ಒಂದೇ ಥರ ಕಾಣುತ್ತಿದ್ದವು, ಅಷ್ಟೇ ಸಾಕು ಅಂದುಕೊಂಡಿದ್ದೆ, ಕಿಲ್ನ್‌ನಿಂದ (ಗಾಜು ಕರಗಿಸುವ ಕುಲುಮೆಯಿಂದ) ತೆಗೆದಾಗಲೂ ಚೆನ್ನಾಗೇ ಇತ್ತು, ಎರಡು ದಿನ ಬಿಟ್ಟು ನೋಡಿದರೆ ನಡುವೆ ಸೀಳು! ಬಿಸಿಗೆ ಹಿಗ್ಗುವ, ತಣಿದಾಗ ಕುಗ್ಗುವ ಅಳತೆ ಎರಡಕ್ಕೂ ಬೇರೆ ಬೇರೆ, ಅದಕ್ಕೇ ಹೀಗೆ.

ಪದರ ಇರುವ ಮುಖಗಳನ್ನು ಎದುರುಬದುರು ಇಡಬೇಡಿ, ಸರಿಯಾಗಿ ಅಂಟುವುದಿಲ್ಲ. ಕೆಳಗೆ ಕಪ್ಪು ಗಾಜು ಇಟ್ಟರೆ ಹೊಳಪು ಜಾಸ್ತಿ. ಮೇಲೆ ಪಾರದರ್ಶಕ ಗಾಜು ಮುಚ್ಚಿದರೆ ನುಣುಪು, ಮುಚ್ಚದಿದ್ದರೆ ಲೋಹದಂಥ ಒರಟು ಮಿರುಗು. ನನಗೆ ಒರಟೇ ಇಷ್ಟ, ಆದರೆ ಉಂಗುರಕ್ಕೆ ಬೇಡ, ಉಜ್ಜಿ ಗೀರು ಬೀಳುತ್ತದೆ.

ಕರಗಿಸುವುದು ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದೇನು ಕಷ್ಟವಲ್ಲ. ಆಮೇಲೆ 500ರ ಆಸುಪಾಸಿನಲ್ಲಿ ನಿಲ್ಲಿಸಿ ನಿಧಾನಕ್ಕೆ ತಣಿಸಬೇಕಲ್ಲ, ಅಲ್ಲೇ ಎಲ್ಲರೂ ಅವಸರ ಮಾಡುವುದು. ಸುಮ್ನೆ ಮುಚ್ಚಳ ತೆಗೆದು ಇಣುಕಬೇಡಿ, ಮಾರನೇ ದಿನ ನೋಡಿ.