ಚಳಿಗಾಲದ ಹಸಿರುಮನೆಗೆ ಹುಲ್ಲಿನ ಬೆಂಕಿ: ಬೇಕಾ, ಬೇಡವಾ?

ಪರ

ಡೆನ್ಮಾರ್ಕಿನಲ್ಲಿ ಡಿಸೆಂಬರ್ ಬಂತೆಂದರೆ ಹಗಲು ಏಳೇ ಗಂಟೆ. ಹೊರಗೆ ಸೊನ್ನೆ ಡಿಗ್ರಿ ಆಸುಪಾಸು, ಆದರೆ ಟೊಮೆಟೊ ಗಿಡಕ್ಕೆ ರಾತ್ರಿಯೂ 16–18 ಡಿಗ್ರಿ ಬೇಕು. ಗಾಜಿನ ಮನೆಯಲ್ಲಿ ಬಿಸಿ ನಿಲ್ಲುವುದಿಲ್ಲ, ಸಾಲುಗಳ ನಡುವಿನ ಪೈಪಿನಲ್ಲಿ ಬಿಸಿನೀರು ಹರಿಯುತ್ತಲೇ ಇರಬೇಕು. ಆ ನೀರು ಕಾಯಿಸಲು ಎಲ್ಲಿಂದಲೋ ಗ್ಯಾಸ್ ತರಿಸುವುದಕ್ಕಿಂತ ಪಕ್ಕದ ಹೊಲದಲ್ಲಿ ಕಸದ ಹಾಗೆ ಉಳಿಯುವ ಗೋಧಿ ಹುಲ್ಲು ಸುಡುವುದು ಒಳ್ಳೆಯದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಇದು ಸುಮ್ನೆ ಕನಸಲ್ಲ. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಅಲ್ಲಿನ ರೈತರು ಹುಲ್ಲು ಉರಿಸಿ ನೀರು ಕಾಯಿಸುವ ಬಾಯ್ಲರ್ ಹಾಕಿಸಿಕೊಳ್ಳತೊಡಗಿದರು. ಮುಂದೆ ಹೊಲದಲ್ಲಿ ಹುಲ್ಲು ಸುಡುವುದಕ್ಕೆ ನಿಷೇಧವೂ ಬಂತು. 1993ರಲ್ಲಿ ಸಂಸತ್ತಿನ ಪಕ್ಷಗಳು ಕೂತು, ವಿದ್ಯುತ್ ಸ್ಥಾವರಗಳು ವರ್ಷಕ್ಕೆ 12 ಲಕ್ಷ ಟನ್ ಹುಲ್ಲು ಉರಿಸಬೇಕು ಅಂತ ಒಪ್ಪಂದ ಮಾಡಿಕೊಂಡವು. ಒಡೆನ್ಸೆ ಊರಿನ ಸ್ಥಾವರದಲ್ಲಿ 2009ರಲ್ಲಿ ಹುಲ್ಲಿನ ಘಟಕ ಶುರುವಾಯಿತು. ಅಲ್ಲಿ ಕರೆಂಟ್ ತೆಗೆದ ಮೇಲೆ ಉಳಿಯುವ ಬಿಸಿಯನ್ನು ನೆಲದಡಿಯ ಪೈಪಿನಲ್ಲಿ ಮನೆಗಳಿಗೆ ಕಳಿಸುತ್ತಾರೆ, ಸುತ್ತಲಿನ ಹಸಿರುಮನೆಗಳಿಗೂ ಅದೇ ನೀರು ಹೋಗುತ್ತದೆ.

ಲೆಕ್ಕ ನೋಡಿ. ಯಂತ್ರ ಒತ್ತಿ ಕಟ್ಟುವ ಹುಲ್ಲಿನ ಒಂದು ದೊಡ್ಡ ಕಟ್ಟು, ಅಂದರೆ ಬೇಲ್, ಸುಮಾರು 500 ಕಿಲೋ, ಅದರಲ್ಲಿರುವ ಶಾಖ ಹತ್ತಿರ ಹತ್ತಿರ 200 ಲೀಟರ್ ತೈಲಕ್ಕೆ ಸಮ.

ಹುಲ್ಲಿನಲ್ಲಿ ಪೊಟ್ಯಾಶ್, ಕ್ಲೋರಿನ್ ಜಾಸ್ತಿ ಅಲ್ವಾ, ಬಾಯ್ಲರ್ ಹಾಳಾಗಲ್ವಾ ಅಂತ ಕೇಳುತ್ತಾರೆ. ಅದಕ್ಕೂ ರೈತರು ದಾರಿ ಕಂಡುಕೊಂಡಿದ್ದಾರೆ. ಕೊಯ್ದ ಹುಲ್ಲನ್ನು ಹಾಗೇ ಹೊಲದಲ್ಲಿ ಬಿಟ್ಟು, ಒಂದೆರಡು ಮಳೆ ಹೊಡೆಸಿ, ಹೊಂಬಣ್ಣ ಹೋಗಿ ಬೂದು ಬಣ್ಣಕ್ಕೆ ತಿರುಗಿದ ಮೇಲೆ ಒಣಗಿಸಿ ಬೇಲ್ ಕಟ್ಟುತ್ತಾರೆ. ಉಪ್ಪಿನಂಶ ಬಹುಪಾಲು ತೊಳೆದು ಮಣ್ಣಿಗೇ ಇಳಿದಿರುತ್ತದೆ. ದನ ಮೂಸಿಯೂ ನೋಡದ ಆ ಹುಲ್ಲೇ ಒಲೆಗೆ ಒಳ್ಳೆಯದು. ಗ್ಯಾಸಿಗೆ ಕೊಡುವ ದುಡ್ಡು ಹೊರಗೆ ಹೋಗುತ್ತದೆ, ಹುಲ್ಲಿನ ದುಡ್ಡು ಊರಲ್ಲೇ ತಿರುಗುತ್ತದೆ. ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ವಿರೋಧ

ಮೊದಲಿಗೆ, ಹುಲ್ಲನ್ನು ‘ಕಸ’ ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ನಮ್ಮ ಕಡೆ ರಾಗಿ ಹುಲ್ಲನ್ನು ಯಾರಾದರೂ ಕಸ ಅಂತಾರಾ? ಬಣವೆ ಒಟ್ಟಿ, ಬೇಸಿಗೆಗೆ ಅಂತ ಕಾಯುತ್ತಾರೆ. ಡೆನ್ಮಾರ್ಕಿನ ಗೋಧಿ ಹುಲ್ಲನ್ನು ದನ ತಿನ್ನದಿದ್ದರೂ ಮಣ್ಣು ತಿನ್ನುತ್ತದೆ. ಉರಿಸಿದರೆ ಅದರ ಸಾರಜನಕ ಹೊಗೆಯ ಜೊತೆ ಹೋಯಿತು, ಮಣ್ಣನ್ನು ಮೆತ್ತಗಿಟ್ಟು ನೀರು ಹಿಡಿಯುವ ಇಂಗಾಲವೂ ಹೋಯಿತು. ಬೂದಿಯನ್ನು ವಾಪಸ್ ಹಾಕಿದರೆ ಪೊಟ್ಯಾಶ್ ಸಿಗಬಹುದು ಅಷ್ಟೇ. ಚಿಮಣಿಯ ಹಾರುಬೂದಿಯಲ್ಲಿ ಕ್ಯಾಡ್ಮಿಯಂ ಅನ್ನುವ ವಿಷಲೋಹ ಸೇರಿಕೊಳ್ಳುವುದರಿಂದ ಅದನ್ನು ಮನಬಂದಂತೆ ಹೊಲಕ್ಕೆ ಹಾಕುವ ಹಾಗೂ ಇಲ್ಲ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಾಗುವುದೇ ಇಲ್ಲ. ಹಸಿರುಮನೆಯವರು ಗ್ಯಾಸ್ ಉರಿಸುವುದು ಬಿಸಿಗೆ ಮಾತ್ರ ಅಲ್ಲ. ಗ್ಯಾಸಿನ ಹೊಗೆ ಶುದ್ಧ, ಅದರ ಇಂಗಾಲದ ಡೈಆಕ್ಸೈಡನ್ನು ಒಳಗೆ ಬಿಟ್ಟರೆ ಗಿಡ ಬೇಗ ಬೆಳೆಯುತ್ತದೆ. ಹುಲ್ಲಿನ ಹೊಗೆಯನ್ನು ಹಾಗೆ ಬಿಡಲು ಆಗುವುದಿಲ್ಲ. ಅದರಲ್ಲಿ ಗಂಧಕ, ಸಾರಜನಕದ ಅನಿಲಗಳಿರುತ್ತವೆ, ಎಥಿಲೀನ್ ಅನ್ನುವ ಅನಿಲವೂ ಇರುತ್ತದೆ. ಎಥಿಲೀನ್ ತಗುಲಿದರೆ ಟೊಮೆಟೊ ಹೂವೇ ಉದುರುತ್ತದೆ. ಅಂದರೆ ಬಿಸಿಗೆ ಹುಲ್ಲು ತಂದವನು ಡೈಆಕ್ಸೈಡನ್ನು ಬೇರೆ ಕೊಳ್ಳಬೇಕು.

ಮಳೆಯಲ್ಲಿ ತೊಳೆದ ಹುಲ್ಲಿನ ಮಾತು ನಿಜ, ಆದರೆ ಮಳೆ ನಾವು ಹೇಳಿದಾಗ ಬಂದು ಹೇಳಿದಾಗ ನಿಲ್ಲುತ್ತದಾ? ಸರಿಯಾಗಿ ತೊಳೆಯದ ಹುಲ್ಲು ಬಿದ್ದರೆ ಬೂದಿ ಕರಗಿ ಒಲೆಯ ಸರಳುಗಳಿಗೆ ಗಾಜಿನಂತೆ ಅಂಟುತ್ತದೆ. ಆರಿದ ಮೇಲೆ ಕಬ್ಬಿಣದ ಕಿಟ್ಟದಂಥ ಆ ಗಟ್ಟಿಯನ್ನು ಹಾರೆಯಲ್ಲಿ ಮೀಟಿ ತೆಗೆಯಬೇಕು, ಅದೂ ಕೊರೆಯುವ ಚಳಿಯಲ್ಲಿ, ಒಳಗೆ ಗಿಡಗಳು ತಣ್ಣಗಾಗುತ್ತಿರುವಾಗ. ಆಗಸ್ಟಿನಲ್ಲಿ ಕೊಯ್ದದ್ದನ್ನು ಫೆಬ್ರವರಿವರೆಗೆ ನೆನೆಯದಂತೆ ಇಡುವ ದೊಡ್ಡ ಶೆಡ್ಡಿನ ಖರ್ಚೂ ಇದೆ.

ಬಿಸಿ ತುಂಬುವ ಮೊದಲು ಅದು ಸೋರಿಹೋಗದಂತೆ ತಡೆಯಬೇಕು ಅನ್ನುವುದು ನನ್ನ ಮಾತು. ಚೀನಾದ ಶಾಂಡಾಂಗ್ ಕಡೆ ನೋಡಿ. ಉತ್ತರಕ್ಕೆ ದಪ್ಪ ಮಣ್ಣಿನ ಗೋಡೆ, ದಕ್ಷಿಣಕ್ಕೆ ಇಳಿಜಾರಾದ ಪ್ಲಾಸ್ಟಿಕ್. ಹಗಲಿನ ಬಿಸಿಲನ್ನು ಗೋಡೆ ಹೀರಿಕೊಂಡು ರಾತ್ರಿ ಬಿಡುತ್ತದೆ. ಸಂಜೆಯಾಗುತ್ತಲೇ ಮೇಲಿನಿಂದ ಹುಲ್ಲಿನ ದಪ್ಪ ಚಾಪೆಗಳನ್ನು ಉರುಳಿಸಿ ಪ್ಲಾಸ್ಟಿಕ್ಕಿಗೆ ಹೊದಿಸುತ್ತಾರೆ, ಬಿಸಿಲು ಬಂದ ಮೇಲೆ ಸುತ್ತಿಡುತ್ತಾರೆ. ಹೊರಗೆ ನೀರು ಹೆಪ್ಪುಗಟ್ಟುವ ಚಳಿಯಲ್ಲೂ ಒಲೆಯಿಲ್ಲದೆ ಸೌತೆಕಾಯಿ ಬೆಳೆಯುವವರಿದ್ದಾರೆ. ಅಲ್ಲೂ ಕೆಲಸಕ್ಕೆ ಬಂದದ್ದು ಹುಲ್ಲೇ, ಹಳತಾದ ಮೇಲೆ ಅದು ಮಣ್ಣಿಗೇ ಹೋಗಬಹುದು.