ಗುಂಡಿಯ ಪರವಾಗಿ ಒಂದು ವಕಾಲತ್ತು

ಕೀಬೋರ್ಡ್ ನುಡಿಸುವವರ ಕಣ್ಣು ಎಲ್ಲಿರಬೇಕು? ಸಂಗೀತ ಶಾಲೆಯಲ್ಲಿ ಕಲಿತವರು ಎದುರಿಗಿರುವ ಹಾಳೆಯ ಮೇಲೆ ಎಂದಾರು. ಮುಂಬಯಿಯ ಕನ್ನಡ ಸಂಘಗಳ ರಸಮಂಜರಿಗಳಲ್ಲಿ ಪಳಗಿದವರನ್ನು ಕೇಳಿದರೆ ಹಾಡುವವರ ಮುಖದ ಮೇಲೆ ಎನ್ನುತ್ತಾರೆ. ನಮ್ಮಲ್ಲಿ ಹಾಡುವವರು ಕಚೇರಿ ಮುಗಿಸಿ, ಲೋಕಲ್ ರೈಲಿನಲ್ಲಿ ನಿಂತೇ ಬಂದು, ವೇದಿಕೆಯ ಹಿಂದೆ ಒಂದು ವಡಾಪಾವ್ ತಿಂದು, ನೇರವಾಗಿ ಮೈಕಿನ ಮುಂದೆ ನಿಲ್ಲುವ ಜನ. ಎರಡನೆಯ ಚರಣವನ್ನು ಮರೆತು ಮೂರನೆಯದಕ್ಕೆ ಹಾರುತ್ತಾರೆ. ಪಲ್ಲವಿಯನ್ನು ಎರಡು ಸಲ ಹಾಡಬೇಕಾದಲ್ಲಿ, ಮುಂದಿನ ಸಾಲಿನಲ್ಲಿ ಬೀಗರು ಕುಳಿತಿರುವುದು ಕಂಡರೆ ನಾಲ್ಕು ಸಲ ಹಾಡುತ್ತಾರೆ. ಯಾವುದಕ್ಕೂ ಮುನ್ಸೂಚನೆ ಇರುವುದಿಲ್ಲ. ಹುಬ್ಬು ಕೊಂಚ ಮೇಲೇರುತ್ತದೆ, ಉಸಿರೊಂದು ಒಳಕ್ಕೆ ಹೋಗುತ್ತದೆ, ಅಷ್ಟೇ ಸುಳಿವು. ಅದನ್ನು ಹಿಡಿಯಲು ಕಣ್ಣು ಬೇಕು. ಆದ್ದರಿಂದ ಕೀಬೋರ್ಡಿಗೆ ಟಚ್‌ಸ್ಕ್ರೀನ್ ಮೇಲೋ ಗುಂಡಿ ಮೇಲೋ ಎಂಬ ವ್ಯಾಜ್ಯದಲ್ಲಿ ನಾನು ಗುಂಡಿಯ ಕಡೆಯ ವಕೀಲ. ಎದುರು ಕಕ್ಷಿಯ ವಕೀಲೆ ನನ್ನ ಅಣ್ಣನ ಮಗಳು. ಡೊಂಬಿವಲಿಯಲ್ಲಿ ನಮ್ಮದೇ ಕಟ್ಟಡದ ಮೇಲಿನ ಮಾಳಿಗೆಯಲ್ಲಿದ್ದಾಳೆ. ಹೋದ ದೀಪಾವಳಿಗೆ ಅವಳ ಮನೆಗೆ ಏಳು ಇಂಚಿನ ಬಣ್ಣದ ಪರದೆಯ ಕೀಬೋರ್ಡ್ ಬಂದಿದೆ.

ನಾವು ಜಗಳವಾಡುವುದು ಅರೇಂಜರ್ ಕೀಬೋರ್ಡಿನ ಬಗ್ಗೆ. ಅದು ಪಿಯಾನೊ ಅಲ್ಲ. ಒಬ್ಬರೇ ಕುಳಿತು ಇಡೀ ತಂಡವನ್ನು ನಡೆಸುವ ಯಂತ್ರ. ಎಡಗೈಯಲ್ಲಿ ಮೂರು ಸ್ವರಗಳನ್ನು ಒಟ್ಟಿಗೆ ಒತ್ತಿ ಒಂದು ಕಾರ್ಡ್ ಹಿಡಿದರೆ ಡ್ರಮ್ಮು, ಬೇಸ್ ಗಿಟಾರು, ಪಿಟೀಲುಗಳ ಗುಂಪು ಎಲ್ಲವೂ ಅದಕ್ಕೆ ಹೊಂದಿಕೊಂಡು ತಾವಾಗಿಯೇ ನುಡಿಯುತ್ತವೆ. ಬಲಗೈ ಹಾಡಿನ ಧಾಟಿಯನ್ನು ನುಡಿಸುತ್ತದೆ. ಭಾರತಕ್ಕೆಂದೇ ಬಂದ ಯಮಹಾ ಪಿಎಸ್ಆರ್-ಐ ಸಾಲಿನ ಕೀಬೋರ್ಡುಗಳಲ್ಲಿ ತಬಲಾ, ತಂಬೂರಿಗಳೂ ಇವೆ. ಹನ್ನೆರಡು ಜನರ ಆರ್ಕೆಸ್ಟ್ರಾ ಕರೆಸಿದರೆ ಸಂಘದ ವರ್ಷದ ವಂತಿಗೆ ಒಂದೇ ರಾತ್ರಿಗೆ ಕರಗುತ್ತದೆ. ಅದಕ್ಕಿಂತ ಮುಖ್ಯವಾಗಿ, ವೇದಿಕೆಯ ಮೇಲೆ ಅಧ್ಯಕ್ಷರು, ಗೌರವಾಧ್ಯಕ್ಷರು, ನಿಕಟಪೂರ್ವ ಅಧ್ಯಕ್ಷರು ಇವರಿಗೆಲ್ಲ ಕುರ್ಚಿ ಹಾಕಲು ಜಾಗ ಉಳಿಯುವುದಿಲ್ಲ. ಮುಂಬಯಿಯ ಉಪನಗರಗಳಲ್ಲಿ ಅರೇಂಜರ್ ಬೇರೂರಿದ್ದು ಹೀಗೆ.

ತಂಡ ಎಂದ ಮೇಲೆ ಅದಕ್ಕೆ ಅಪ್ಪಣೆ ಕೊಡುತ್ತಿರಬೇಕು. ಇಂಟ್ರೊ ಒತ್ತಿದರೆ ಪೀಠಿಕೆ ಶುರು. ಮೇನ್ ಎ, ಬಿ, ಸಿ, ಡಿ ಎಂದು ನಾಲ್ಕು: ಪಲ್ಲವಿಗೆ ತೆಳುವಾದದ್ದು, ಚರಣಕ್ಕೆ ತುಂಬಿಕೊಂಡದ್ದು, ಕೊನೆಯ ಅಬ್ಬರಕ್ಕೆ ಎಲ್ಲವೂ ಕೂಡಿದ್ದು. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಡ್ರಮ್ಮಿನವನು ಉರುಳಿಸುವ ಸಣ್ಣ ತುಣುಕು ಫಿಲ್. ಎಂಡಿಂಗ್ ಒತ್ತಿದರೆ ಮಂಗಳ. ಈ ಗುಂಡಿಗಳು ಕಪ್ಪು ಬಿಳಿ ಮನೆಗಳ ಮೇಲ್ಗಡೆ ಎಡಗೈಗೆ ಎಟಕುವಂತೆ ಸಾಲಾಗಿ ಕುಳಿತಿರುತ್ತವೆ. ಕಾರ್ಡಿನಿಂದ ಕೈ ತೆಗೆದ ಮಾತ್ರಕ್ಕೆ ತಂಡ ಕಂಗೆಡುವುದಿಲ್ಲ, ಕೊನೆಗೆ ಹಿಡಿದದ್ದನ್ನೇ ನುಡಿಸುತ್ತಿರುತ್ತದೆ. ಆ ಅರ್ಧ ಮಾತ್ರೆಯ ಬಿಡುವಿನಲ್ಲಿ ಕೈ ಮೇಲೇರಬೇಕು, ಕಿರುಬೆರಳು ಸಾಲಿನ ಅಂಚನ್ನು ತಡವಬೇಕು, ಅಲ್ಲಿಂದ ಅಳೆದು ತೋರುಬೆರಳು ಮೇನ್ ಬಿಯನ್ನು ಒತ್ತಬೇಕು, ಮುಂದಿನ ಕಾರ್ಡಿಗೆ ಕೈ ಕೆಳಗೆ ಬಂದಿರಬೇಕು. ಒತ್ತಿದ್ದು ಹತ್ತಿತೋ ಇಲ್ಲವೋ ಎಂಬುದನ್ನು ಗುಂಡಿಯೇ ಬೆರಳಿಗೆ ಹೇಳುತ್ತದೆ: ತುಸು ತಗ್ಗಿ, ತಟ್ಟನೆ ತಡೆದು, ಮತ್ತೆ ಎದ್ದು ಬರುತ್ತದೆ. ಇಷ್ಟೂ ಹೊತ್ತು ನನ್ನ ಕಣ್ಣು ಗಾಯಕರ ಹುಬ್ಬಿನ ಮೇಲೇ ಇರುತ್ತದೆ.

ಯಕ್ಷಗಾನದ ಭಾಗವತರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾಗಟೆಯ ಪೆಟ್ಟಿನಲ್ಲೇ ಮದ್ದಳೆಯವರಿಗೂ ಚೆಂಡೆಯವರಿಗೂ ಸೂಚನೆ ಮುಟ್ಟುತ್ತದೆ, ದೃಷ್ಟಿ ಮಾತ್ರ ವೇಷದ ಮೇಲೆ. ಪ್ರತಿ ಮುಕ್ತಾಯಕ್ಕೂ ಭಾಗವತರು ಕತ್ತು ತಿರುಗಿಸಿ ಮದ್ದಳೆಯನ್ನು ಹುಡುಕಬೇಕಾಗಿದ್ದರೆ ರಂಗದ ಮೇಲೆ ಕುಣಿಯುತ್ತಿರುವ ಕೀಚಕನ ಗತಿ ಏನಾಗಬೇಕು?

“ಚಿಕ್ಕಪ್ಪ, ನಿಮ್ಮ ಕೀಬೋರ್ಡಿನಲ್ಲಿ ಶಹನಾಯಿ ಹುಡುಕಿ ಕೊಡಿ ನೋಡೋಣ” ಎನ್ನುತ್ತಾಳೆ ಮಗಳು. ಹುಡುಕುತ್ತೇನೆ, ಯಾಕೆ ಹುಡುಕುವುದಿಲ್ಲ? ಕೀಬೋರ್ಡಿನ ಬದಿಗೆ ಅಂಟಿಸಿದ ಚೀಟಿಯಲ್ಲಿ ಅದರ ಸಂಖ್ಯೆ ಬರೆದಿದೆ. ನನ್ನದರಲ್ಲಿ ಪ್ರತಿ ವಾದ್ಯಕ್ಕೂ ಒಂದು ಮೂರಂಕಿಯ ಸಂಖ್ಯೆ, ಅದನ್ನು ಒತ್ತಲು ಅಂಕಿಗಳ ಗುಂಡಿಗಳು, ಒತ್ತಿದ್ದನ್ನು ತೋರಿಸಲು ಬೆರಳಗಲದ ಮಸುಕು ಕಿಂಡಿ. ಕೊಳಲು, ಸಂತೂರು, ಶಹನಾಯಿಗಳ ಸಂಖ್ಯೆಗಳು ನನಗೆ ಬಂಧುಗಳ ಫೋನ್ ನಂಬರಿಗಿಂತ ಚೆನ್ನಾಗಿ ಬಾಯಿಗೆ ಬರುತ್ತವೆ. ಅವಳು ಪರದೆಯ ಮೇಲೆ ಒಮ್ಮೆ ತಟ್ಟಿದರೆ ಊದುವ ವಾದ್ಯಗಳ ಪಟ್ಟಿ ತೆರೆದುಕೊಳ್ಳುತ್ತದೆ, ಇನ್ನೊಮ್ಮೆ ತಟ್ಟಿದರೆ ಬೇಕಾದ ವಾದ್ಯ ಸಿದ್ಧ. ಹಾಡುಗಳ ಪಟ್ಟಿಯನ್ನು ಕಾರ್ಯಕ್ರಮದ ಅನುಕ್ರಮದಲ್ಲೇ ಜೋಡಿಸಿಟ್ಟುಕೊಳ್ಳುತ್ತಾಳೆ. ಢೋಲಕ್ ಜೋರಾಯಿತೆಂದರೆ ಮಿಕ್ಸರಿನ ಚಿತ್ರ ತೆರೆದು ಬೆರಳಲ್ಲಿ ಕೆಳಗೆಳೆಯುತ್ತಾಳೆ. ಇದೆಲ್ಲ ಸುಖ, ಒಪ್ಪಿದೆ. ಮನೆಯಲ್ಲಿ ಕುಳಿತು ಹಾಡು ಸಿದ್ಧಪಡಿಸುವವರಿಗೆ ಪರದೆಗೆ ಸಮನಾದದ್ದು ಇಲ್ಲ.

ಗುಂಡಿಗಳ ಚರಿತ್ರೆಯೂ ಅಷ್ಟೇನೂ ಪುನೀತವಲ್ಲ. 1983ರಲ್ಲಿ ಯಮಹಾ ಡಿಎಕ್ಸ್7 ಎಂಬ ಕೀಬೋರ್ಡ್ ಬಂದಾಗ ಅದರ ಗುಂಡಿಗಳು ಚಪ್ಪಟೆಯಾಗಿದ್ದವು, ಕಿಂಡಿಯಲ್ಲಿ ಎರಡೇ ಸಾಲು, ಸಾಲಿಗೆ ಹದಿನಾರು ಅಕ್ಷರ. ಒಂದು ನಾದವನ್ನು ರೂಪಿಸಲು ನೂರಕ್ಕೂ ಹೆಚ್ಚು ಅಂಶಗಳನ್ನು ಆ ಕಿಂಡಿಯಲ್ಲೇ ಒಂದೊಂದಾಗಿ ತಿದ್ದಬೇಕಿತ್ತು. ಹೆಚ್ಚಿನವರು ಆ ಉಸಾಬರಿಯೇ ಬೇಡವೆಂದು ಕಾರ್ಖಾನೆಯವರು ತುಂಬಿಕೊಟ್ಟ ನಾದಗಳಲ್ಲೇ ತೃಪ್ತರಾದರು. ದೊಡ್ಡ ಟಚ್‌ಸ್ಕ್ರೀನನ್ನು ಕೀಬೋರ್ಡಿನ ಮೇಲೆ ತಂದು ಕೂರಿಸಿದ್ದು ಕಾರ್ಗ್ ಕಂಪನಿಯ ಟ್ರಿನಿಟಿ, 1995ರಲ್ಲಿ. ಯಮಹಾದವರು ಬಹಳ ಕಾಲ ತಡೆದರು. ಅವರ ಟೈರೋಸ್ ಮಾದರಿಗಳಲ್ಲಿ ಪರದೆ ಇತ್ತು, ಆದರೆ ಅದನ್ನು ಮುಟ್ಟಿ ಫಲವಿರಲಿಲ್ಲ, ಎಡಬಲದಲ್ಲಿ ಸಾಲುಗಟ್ಟಿದ ಗುಂಡಿಗಳನ್ನೇ ಒತ್ತಬೇಕಿತ್ತು. 2017ರಲ್ಲಿ ಒಂಬತ್ತು ಇಂಚಿನ ಸ್ಪರ್ಶದ ಪರದೆಯೊಂದಿಗೆ ಜೀನೋಸ್ ಬಂತು, 2019ರಲ್ಲಿ ಪಿಎಸ್ಆರ್-ಎಸ್ಎಕ್ಸ್ ಸಾಲಿಗೂ ಅದು ಇಳಿಯಿತು. ಇಷ್ಟಾದರೂ ಇವರಲ್ಲಿ ಒಬ್ಬರೂ ಇಂಟ್ರೊ, ಫಿಲ್, ಎಂಡಿಂಗ್‌ಗಳನ್ನು ಕಿತ್ತು ಗಾಜಿನೊಳಗೆ ಹಾಕುವ ಧೈರ್ಯ ಮಾಡಿಲ್ಲ. ಜೀನೋಸ್‌ನಲ್ಲಂತೂ ತಿರುಗಿಸುವ ಗುಬ್ಬಿಗಳೂ ಜಾರಿಸುವ ಪಟ್ಟಿಗಳೂ ಪರದೆಯ ಪಕ್ಕದಲ್ಲೇ ಇವೆ. ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಅಣ್ಣನ ಮಗಳು ಎಂಡಿಂಗ್ ಗುಂಡಿಯ ಮೇಲೆ ಕೆಂಪು ಬಿಂದಿಯೊಂದನ್ನು ಅಂಟಿಸಿಕೊಂಡಿದ್ದಾಳೆ, ಹಣೆಗೆ ಇಡುವ ಸ್ಟಿಕರ್ ಬಿಂದಿಯೇ. ನಡುವೆ ಒಂದು ಹರಳು ಇರುವುದರಿಂದ ಬೆರಳಿಗೆ ತಾಕುತ್ತದೆ. ನಾನು ಅದನ್ನು ನೋಡಿ ಏನೂ ಹೇಳದೆ ನಕ್ಕದ್ದು ಅವಳಿಗೆ ಸಿಟ್ಟು ತರಿಸಿತು. ಆದರೆ ಯೋಚಿಸಿ, ಪರದೆಯ ಮೇಲೆ ಬಿಂದಿ ಎಲ್ಲಿ ಅಂಟಿಸುವುದು? ಈ ಪುಟದಲ್ಲಿ ಶಹನಾಯಿ ಇದ್ದ ಜಾಗದಲ್ಲಿ ಮುಂದಿನ ಪುಟದಲ್ಲಿ ಮೈಕಿನ ಪ್ರತಿಧ್ವನಿ ಇರುತ್ತದೆ, ಅದರ ಮುಂದಿನದರಲ್ಲಿ ‘ಅಳಿಸಬೇಕೆ?’ ಎಂಬ ಪ್ರಶ್ನೆ ಇರುತ್ತದೆ. ಬೆರಳು ಒಂದು ಜಾಗವನ್ನು ಕಲಿಯಬೇಕಾದರೆ ಆ ಜಾಗ ಇದ್ದಲ್ಲೇ ಇರಬೇಕಷ್ಟೆ?

ಇನ್ನು ಬೆವರು. ಗಣೇಶೋತ್ಸವದ ಪೆಂಡಾಲಿನಲ್ಲಿ, ತಗಡಿನ ಮಾಡಿನ ಕೆಳಗೆ, ಕಣ್ಣಿಗೆ ರಾಚುವ ದೀಪಗಳ ಮುಂದೆ ಕುಳಿತವರಿಗೆ ಅದು ಗೊತ್ತು. ಹಳೆಯ ಬಗೆಯ ಟಚ್‌ಸ್ಕ್ರೀನಿನಲ್ಲಿ ಎರಡು ತೆಳುಪದರಗಳಿರುತ್ತವೆ, ಒತ್ತಡಕ್ಕೆ ಒಂದು ಇನ್ನೊಂದನ್ನು ತಾಗಿದರೆ ಕೆಲಸ ನಡೆಯುತ್ತದೆ. ಅದಕ್ಕೆ ಉಗುರೂ ಆದೀತು, ಪೆನ್ನಿನ ತುದಿಯೂ ಆದೀತು, ಪಂಚಕಜ್ಜಾಯದ ಬೆಲ್ಲ ಮೆತ್ತಿದ ಬೆರಳೂ ಆದೀತು. ಮೊಬೈಲಿನಲ್ಲಿ ಇರುವಂಥದ್ದು ಬೇರೆ ಬಗೆ. ಅದು ಬೆರಳಿನಿಂದಾಗುವ ವಿದ್ಯುತ್ತಿನ ಏರುಪೇರನ್ನು ಗ್ರಹಿಸುತ್ತದೆ. ನೀರೂ ಬೆವರೂ ವಿದ್ಯುತ್ತನ್ನು ಹರಿಸುವುದರಿಂದ ಹನಿಯೊಂದು ಬಿದ್ದರೆ ಅದಕ್ಕೆ ಗಲಿಬಿಲಿ. ಪೆಂಡಾಲಿನಲ್ಲಿ ಪ್ರತಿ ಹಾಡಿನ ನಡುವೆ ಅಂಗಿಯ ತುದಿಯಿಂದ ಗಾಜು ಒರೆಸುವ ವಾದಕರನ್ನು ಕಂಡರೆ ನನಗೆ ಪಾಪ ಎನಿಸುತ್ತದೆ. ಒಳಗೊಳಗೇ ಸ್ವಲ್ಪ ಸಂತೋಷವೂ ಆಗುತ್ತದೆ.

ಟಚ್‌ಸ್ಕ್ರೀನಿನ ಬಗ್ಗೆ ಮೊದಲಿಗೆ ಬರೆದವರು ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ರಾಡಾರ್ ಸಂಶೋಧನಾಲಯದ ಇ. ಎ. ಜಾನ್ಸನ್, 1965ರಲ್ಲಿ. ಅವರು ಅದನ್ನು ಯೋಚಿಸಿದ್ದು ವಿಮಾನ ಸಂಚಾರವನ್ನು ನಿಯಂತ್ರಿಸುವವರಿಗಾಗಿ, ಅಂದರೆ ಪರದೆಯನ್ನು ನೋಡುತ್ತ ಕೂರುವುದೇ ಉದ್ಯೋಗವಾದವರಿಗಾಗಿ. ಅಲ್ಲಿ ಅದು ನ್ಯಾಯವೇ. ಕಣ್ಣು ಬೇರೆಡೆ ಇರಬೇಕಾದವರ ಮುಂದೆ ತಂದಿಟ್ಟಾಗ ತೊಡಕು. 2017ರ ಆಗಸ್ಟಿನಲ್ಲಿ ಅಮೆರಿಕದ ನೌಕಾಪಡೆಯ ಜಾನ್ ಎಸ್. ಮೆಕೇನ್ ಹಡಗು ಸಿಂಗಪುರದ ಬಳಿ ತೈಲದ ಹಡಗಿಗೆ ಡಿಕ್ಕಿಯಾಗಿ ಹತ್ತು ನಾವಿಕರು ಸತ್ತರು. ಚುಕ್ಕಾಣಿ ಮತ್ತು ವೇಗವನ್ನು ಟಚ್‌ಸ್ಕ್ರೀನಿಗೆ ಒಪ್ಪಿಸಿದ್ದು ಅಲ್ಲಿನ ಗೊಂದಲಕ್ಕೆ ಒಂದು ಕಾರಣವೆಂದು ತನಿಖೆಯಲ್ಲಿ ಕಂಡಿತು. ಅದರ ಬಳಿಕ ನೌಕಾಪಡೆ ವೇಗ ನಿಯಂತ್ರಣಕ್ಕೆ ಹಳೆಯ ಹಿಡಿಕೆಗಳನ್ನೇ ಮರಳಿ ತರಲು ನಿರ್ಧರಿಸಿತು. ನಮ್ಮ ರಸಮಂಜರಿಯಲ್ಲಿ ಫಿಲ್ ತಪ್ಪಿದರೆ ಯಾರ ಜೀವವೂ ಹೋಗುವುದಿಲ್ಲ, ನಿಜ. ಗಾಯಕರ ಮಾನ ಹೋಗುತ್ತದೆ.

ಎದುರು ಕಕ್ಷಿಗೆ ನಾನು ನಿರುತ್ತರನಾಗುವುದು ಮಳೆಗಾಲದಲ್ಲಿ. ಜುಲೈ ಬಂತೆಂದರೆ ಡೊಂಬಿವಲಿಯಲ್ಲಿ ಡಬ್ಬಿಯೊಳಗಿನ ಉಪ್ಪೇ ನೀರೊಡೆಯುತ್ತದೆ. ಗುಂಡಿಯ ಕೆಳಗೆ ರಬ್ಬರಿನ ಪುಟ್ಟ ಗುಮ್ಮಟ, ಅದರೊಳಗೆ ಇಂಗಾಲದ ಕರಿ ಬಿಲ್ಲೆ. ಒತ್ತಿದಾಗ ಬಿಲ್ಲೆ ಕೆಳಗಿನ ಬೋರ್ಡಿನ ಎರಡು ಗೆರೆಗಳನ್ನು ಕೂಡಿಸಬೇಕು. ತೇವವೂ ದೂಳೂ ನಡುವೆ ಸೇರಿದರೆ ಒಮ್ಮೆ ಕೂಡುತ್ತದೆ, ಒಮ್ಮೆ ಕೂಡುವುದಿಲ್ಲ. ನನ್ನದರಲ್ಲಿ ಮೊದಲು ಮುನಿಸಿಕೊಂಡದ್ದು ಶ್ರುತಿಯನ್ನು ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಗುಂಡಿ. ಹಾಡುವವರು ಬಂದು “ಗಂಟಲು ಕಟ್ಟಿದೆ, ಅರ್ಧ ಮನೆ ಇಳಿಸಿ” ಎಂದಾಗ ಕೆಲಸಕ್ಕೆ ಬರುವುದು ಅದೇ. ಮುಂಬಯಿಯಲ್ಲಿ ಯಾರ ಗಂಟಲು ಯಾವಾಗ ಕಟ್ಟಿರುವುದಿಲ್ಲ? ಕೀಬೋರ್ಡನ್ನು ಹೆಗಲಿಗೇರಿಸಿ, ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ಪಕ್ಕ ನಿಂತು, ಲ್ಯಾಮಿಂಗ್ಟನ್ ರಸ್ತೆಗೆ ಹೋದೆ. ಅದಕ್ಕೆ ಭಡಕಮ್ಕರ್ ಮಾರ್ಗ ಎಂಬ ಹೆಸರು ಇಟ್ಟಿದ್ದಾರೆ, ಕರೆಯುವವರು ಕಡಿಮೆ. ಅಲ್ಲೊಬ್ಬ ವಯಸ್ಸಾದ ಕುಶಲಕರ್ಮಿ ಅಡಿಯ ಮೊಳೆಗಳನ್ನು ಬಿಚ್ಚಿ, ರಬ್ಬರಿನ ಪಟ್ಟಿಯನ್ನು ಎತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಬಿಲ್ಲೆಗಳನ್ನು ಒಂದೊಂದಾಗಿ ಒರೆಸಿದರು. ಹತ್ತಿ ಕಪ್ಪಾಯಿತು, ಗುಂಡಿ ಮಾತು ಕೇಳತೊಡಗಿತು. ಟಚ್‌ಸ್ಕ್ರೀನ್ ಕೆಟ್ಟರೆ ಏನು ಮಾಡುತ್ತೀರಿ ಎಂದು ಕೇಳಿದೆ. ಅವರು ಮೇಲೆ ನೋಡದೆ, ಇಡೀ ಪರದೆ ತರಿಸಬೇಕು, ಬರುವವರೆಗೆ ಕಾಯಬೇಕು ಎಂದರು. ಗುಂಡಿಗಳು ಒಂದೊಂದಾಗಿ ಕೆಡುತ್ತವೆ, ಸುತ್ತು ಬಳಸಿ ಬದುಕಬಹುದು. ಪರದೆ ಕೆಟ್ಟರೆ ಎಲ್ಲ ಪುಟಗಳೂ ಒಂದೇ ಸಲ ಮುಚ್ಚಿಕೊಳ್ಳುತ್ತವೆ.

“ನೀವು ಹೇಳುವುದೆಲ್ಲ ಪರದೆಯನ್ನು ವೇದಿಕೆಯ ಮೇಲೆ ನೋಡುವವರಿಗೆ. ನಾನು ನೋಡುವುದೇ ಇಲ್ಲವಲ್ಲ” ಎಂದಳು ಒಂದು ದಿನ. ಅವಳ ಪದ್ಧತಿ ಅಂಥದ್ದು. ಮನೆಯಲ್ಲಿ ಪರದೆಯ ಮೇಲೆ ಎಲ್ಲವನ್ನೂ ಜೋಡಿಸಿ, ಒಂದೊಂದು ಹಾಡಿನ ಲಯ, ವೇಗ, ವಾದ್ಯ, ಶ್ರುತಿ ಸಮೇತ ರಿಜಿಸ್ಟ್ರೇಷನ್ ಮೆಮೊರಿಯಲ್ಲಿ ಇಟ್ಟುಬಿಡುತ್ತಾಳೆ. ವೇದಿಕೆಯ ಮೇಲೆ ಕಾಲ ಕೆಳಗಿನ ಪೆಡಲ್ ಒತ್ತಿದರೆ ಮುಂದಿನದು ಬರುತ್ತದೆ. ಹಾರ್ಮೋನಿಯಂನವರು ಕಾಲನ್ನು ಮಡಚಿ ಕುಳಿತು ವ್ಯರ್ಥ ಮಾಡಿದ್ದನ್ನು ಈ ಹುಡುಗಿ ದುಡಿಮೆಗೆ ಹಚ್ಚಿದ್ದಾಳೆ. ಪೆಡಲ್ ಎಂಬುದು ಕಾಲಿಗೆ ಮಾಡಿದ ಗುಂಡಿಯೇ ಅಲ್ಲವೇ ಎಂದು ಕೇಳಿದೆ. ಅವಳು ವಿಷಯ ಬದಲಿಸಿ ಚಹಾ ಬೇಕೇ ಎಂದಳು.

ಈ ಸಲದ ಗಣೇಶೋತ್ಸವದಲ್ಲಿ ನಮ್ಮ ಸೊಸೈಟಿಯ ಅಂಗಳದ ಪೆಂಡಾಲಿನಲ್ಲಿ ಕೀಬೋರ್ಡಿಗೆ ಅವಳೇ. ನಾನು ಪಕ್ಕದಲ್ಲಿ ತಾಳ ಹಿಡಿದು ಕುಳಿತಿದ್ದೆ. ಅನುಮತಿ ಇಲ್ಲದ ದಿನ ರಾತ್ರಿ ಹತ್ತು ಗಂಟೆಯ ನಂತರ ಧ್ವನಿವರ್ಧಕ ಕೂಡದು, ಗೇಟಿನ ಬಳಿ ಪೊಲೀಸರ ವಾಹನ ಬಂದು ನಿಂತಾಗಿತ್ತು. ಮೈಕಿನ ಮುಂದೆ ಇದ್ದವರು ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು, ಕಣ್ಣು ಮುಚ್ಚಿ ಪಲ್ಲವಿಗೆ ಮರಳಿ ಮರಳಿ ಬರುತ್ತಿದ್ದರು. ಸಂಘದ ಕಾರ್ಯದರ್ಶಿಗಳು ಮೊದಲು ಗಡಿಯಾರ ತೋರಿಸಿದರು, ಆಮೇಲೆ ಎರಡೂ ಕೈ ಜೋಡಿಸಿದರು. ಮುಚ್ಚಿದ ಕಣ್ಣಿಗೆ ಎರಡೂ ಕಾಣಲಿಲ್ಲ. ಅಣ್ಣನ ಮಗಳು ಅವರ ಉಸಿರನ್ನೇ ಕಾಯುತ್ತಿದ್ದಳು. ಸಾಲು ಮುಗಿದದ್ದೇ ತಡ, ಎಡಗೈ ಮೇಲೆ ಹೋಗಿ ಬಿಂದಿಯನ್ನು ಒತ್ತಿತು, ತಂಡ ಮಂಗಳಕ್ಕೆ ತಿರುಗಿತು. ಹಿರಿಯರು ಇನ್ನೊಮ್ಮೆ ಎತ್ತಿಕೊಳ್ಳುವ ಹವಣಿಕೆಯಲ್ಲಿದ್ದರು, ಅವಳು ಅದೇ ಗುಂಡಿಯನ್ನು ಮತ್ತೊಮ್ಮೆ ಒತ್ತಿದಳು. ಹಾಗೆ ಒತ್ತಿದರೆ ಲಯ ಕ್ರಮೇಣ ನಿಧಾನವಾಗುತ್ತ ಬಂದು ನಿಲ್ಲುತ್ತದೆ. ಡ್ರಮ್ಮು, ಗಿಟಾರು, ಪಿಟೀಲು ಎಲ್ಲವೂ ಗೌರವದಿಂದ ಹಿಂದೆ ಸರಿದಾಗ ಒಬ್ಬರೇ ಹಾಡುತ್ತ ನಿಲ್ಲುವುದು ಅವರಿಗೂ ಕಷ್ಟವಾಯಿತು, ಕಣ್ಣು ತೆರೆದರು. ಅಷ್ಟೂ ಹೊತ್ತು ಏಳು ಇಂಚಿನ ಪರದೆ ಯಾರ ನೋಟಕ್ಕೂ ಬೀಳದೆ ಬಣ್ಣಬಣ್ಣವಾಗಿ ಬೆಳಗುತ್ತಿತ್ತು. ಹತ್ತಕ್ಕೆ ಇನ್ನೂ ಒಂದು ನಿಮಿಷ ಉಳಿದಿತ್ತು, ಕಾರ್ಯದರ್ಶಿಗಳು ಅದರಲ್ಲೇ ವಂದನಾರ್ಪಣೆ ಮುಗಿಸಿದರು. ನಮ್ಮ ಸಂಘದಲ್ಲಿ ಅಷ್ಟು ಚಿಕ್ಕ ವಂದನಾರ್ಪಣೆ ಅದಕ್ಕೆ ಮೊದಲು ಆಗಿದ್ದಿಲ್ಲ.