ಟಿಜೆ ಸೀಟಿನ ಜಗಳದಲ್ಲಿ ಆ ಲ್ಯಾಬ್‌ಗಳನ್ನ ಮರೆತೇಬಿಟ್ವಿ

ಅಮೆರಿಕದ ನಾರ್ದರ್ನ್ ವರ್ಜೀನಿಯಾದಲ್ಲಿ ನಮ್ಮ ಕನ್ನಡದವರು ಗಣೇಶನ ಹಬ್ಬಕ್ಕೆ ಸೇರಲಿ ಮಗು ನಾಮಕರಣಕ್ಕೆ ಸೇರಲಿ, ಏಳು ಎಂಟನೇ ಕ್ಲಾಸಿನ ಮಕ್ಕಳಿರೋರು ನಾಲ್ಕು ಜನ ಸಿಕ್ರೆ ಮಾತು ಟಿಜೆಗೆ ಬಂದೇ ಬರುತ್ತೆ. ಥಾಮಸ್ ಜೆಫರ್ಸನ್ ಹೈಸ್ಕೂಲ್ ಫಾರ್ ಸೈನ್ಸ್ ಅಂಡ್ ಟೆಕ್ನಾಲಜಿ. ಯಾರಿಗೆ ಸೀಟ್ ಸಿಕ್ತು, ಯಾರಿಗೆ ತಪ್ತು, ಯಾರು ಎಲ್ಲಿ ಕೋಚಿಂಗಿಗೆ ಹೋಗಿದ್ರು, ಬರೀ ಇದೇ. ಒಳಗೆ ಹೋದ ಮಕ್ಕಳು ಅಲ್ಲಿ ಏನು ಮಾಡ್ತಾರೆ ಅಂತ ಕೇಳೋರೇ ಕಮ್ಮಿ, ನನಗೆ ಬೇಜಾರು ಅದಕ್ಕೇ.

ಊರಲ್ಲಿರೋರಿಗೋಸ್ಕರ ಹೇಳ್ತೀನಿ, ಇದು ಪ್ರೈವೇಟ್ ಅಲ್ಲ, ಫೇರ್‌ಫ್ಯಾಕ್ಸ್ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಸರ್ಕಾರಿ ಶಾಲೆ. 1985ರಲ್ಲಿ ಅದೇ ಹೆಸರಿನ ಒಂದು ಮಾಮೂಲಿ ಹೈಸ್ಕೂಲಿನ ಕಟ್ಟಡದಲ್ಲೇ ಶುರುವಾಯ್ತು, ಸುತ್ತಮುತ್ತಲ ಕಂಪನಿಗಳೂ ಕೈಜೋಡಿಸಿದ್ವು. ಮ್ಯಾಗ್ನೆಟ್ ಸ್ಕೂಲ್ ಆದ್ರಿಂದ ಮನೆ ಹತ್ತಿರ ಇದೆ ಅಂತ ಸೇರಿಸ್ಕೊಳ್ಳಲ್ಲ, ಅರ್ಜಿ ಹಾಕಿ ಆಯ್ಕೆ ಆಗ್ಬೇಕು, ಅಕ್ಕಪಕ್ಕದ ಲೌಡನ್, ಪ್ರಿನ್ಸ್ ವಿಲಿಯಂ, ಆರ್ಲಿಂಗ್ಟನ್ ಕೌಂಟಿಗಳ ಮಕ್ಕಳೂ ಹಾಕ್ಬಹುದು.

ಒಂಬತ್ತನೇ ಕ್ಲಾಸಲ್ಲೇ ಬಯಾಲಜಿ, ಇಂಗ್ಲಿಷ್, ಟೆಕ್ನಾಲಜಿ ಮೂರನ್ನೂ ಹೆಣೆದು ಕಲಿಸ್ತಾರೆ, ಐಬೆಟ್ ಅಂತಾರೆ. ಕೊನೇ ವರ್ಷ ಪ್ರತಿಯೊಬ್ರೂ ಒಂದು ರಿಸರ್ಚ್ ಪ್ರಾಜೆಕ್ಟ್ ಮಾಡ್ಲೇಬೇಕು, ಖಗೋಳ, ನ್ಯೂರೋಸೈನ್ಸ್, ಸಮುದ್ರವಿಜ್ಞಾನ, ರೋಬಾಟಿಕ್ಸ್ ಹೀಗೆ ಬೇರೆ ಬೇರೆ ಲ್ಯಾಬ್‌ಗಳಿವೆ. 1988ರಲ್ಲಿ ಒಂದು ಸ್ಪರ್ಧೆ ಗೆದ್ದು ಸೂಪರ್‌ಕಂಪ್ಯೂಟರನ್ನೇ ಬಹುಮಾನವಾಗಿ ತಂದಿದ್ರು ಈ ಮಕ್ಕಳು! ಇನ್ನು ಟಿಜೆ3ಸ್ಯಾಟ್, ಈ ಮಕ್ಕಳೇ ಕಟ್ಟಿದ ಪುಟ್ಟ ಉಪಗ್ರಹ. ಒಂದೊಂದು ಕಡೆ ಸುಮಾರು 10 ಸೆಂಟಿಮೀಟರ್, ತೂಕ ಒಂದು ಕೆಜಿ ಕೂಡ ಇಲ್ಲ. ಅಕ್ಷರದಲ್ಲಿ ಮೆಸೇಜ್ ಕಳಿಸಿದ್ರೆ ಅದನ್ನ ದನಿ ಮಾಡಿ ಹವ್ಯಾಸಿಗಳು ಬಳಸೋ ಹ್ಯಾಮ್ ರೇಡಿಯೋದಲ್ಲಿ ಕೇಳಿಸೋ ಹಾಗೆ ಅದನ್ನ ಕಟ್ಟಿದ್ರು. 2013ರ ನವೆಂಬರಲ್ಲಿ ವರ್ಜೀನಿಯಾದಲ್ಲೇ ಇರೋ ವಾಲಪ್ಸ್ ಐಲ್ಯಾಂಡ್ ರಾಕೆಟ್ ಕೇಂದ್ರದಿಂದ ಹಾರಿತು, ಹೈಸ್ಕೂಲ್ ಮಕ್ಕಳು ಕಟ್ಟಿ ಕಕ್ಷೆಗೆ ಸೇರಿದ ಮೊದಲ ಉಪಗ್ರಹ ಅದು. ವರ್ಷಗಟ್ಟಲೆ ಬ್ಯಾಚ್ ಮೇಲೆ ಬ್ಯಾಚ್ ಕೂತು ಮಾಡಿದ ಕೆಲಸ, ಶುರು ಮಾಡಿದ ಮಕ್ಕಳು ಅಷ್ಟೊತ್ತಿಗೆ ಸ್ಕೂಲ್ ಬಿಟ್ಟು ಎಷ್ಟೋ ಕಾಲ ಆಗಿತ್ತು. ತಾನು ಮುಗಿಸೋಕಾಗದ ಕೆಲಸಕ್ಕೂ ಹದಿನಾರು ವರ್ಷದ ಹುಡುಗಿ ಮನಸ್ಸಿಟ್ಟು ಕೂರ್ತಾಳಲ್ಲ, ಅದು ಯಾವ ಕೋಚಿಂಗಲ್ಲೂ ಸಿಗಲ್ಲ.

ಈಗ ಅಡ್ಮಿಷನ್ ವಿಷಯ. 2020ರ ಕೊನೇಲಿ ಎಂಟ್ರೆನ್ಸ್ ಟೆಸ್ಟ್ ತೆಗೆದ್ರು, ನೂರು ಡಾಲರ್ ಅರ್ಜಿ ಫೀಸನ್ನೂ ತೆಗೆದ್ರು, ಒಂದೊಂದು ಮಿಡ್ಲ್ ಸ್ಕೂಲಿನ ಎಂಟನೇ ಕ್ಲಾಸಲ್ಲಿ 1.5 ಪರ್ಸೆಂಟ್‌ಗೆ ಆಗುವಷ್ಟು ಸೀಟು ಆ ಸ್ಕೂಲಿಗೇ ಇಟ್ರು. ನಮ್ಮ ಮಕ್ಕಳೂ ಸೇರಿ ಏಷ್ಯನ್ ಮಕ್ಕಳ ಪಾಲು ಸುಮಾರು 73ರಿಂದ 54 ಪರ್ಸೆಂಟಿಗೆ ಇಳೀತು. ಇದರ ವಿರುದ್ಧ ಕೆಲವು ಪೋಷಕರು ಸ್ಕೂಲ್ ಬೋರ್ಡ್ ಮೇಲೆ ಕೇಸ್ ಹಾಕಿದ್ರು, 2022ರಲ್ಲಿ ಫೆಡರಲ್ ಕೋರ್ಟ್ ಪೋಷಕರ ಪರ ಅಂತು, 2023ರಲ್ಲಿ ಅಪೀಲಲ್ಲಿ ಸ್ಕೂಲ್ ಬೋರ್ಡ್ ಗೆದ್ದಿತು, 2024ರ ಫೆಬ್ರವರೀಲಿ ಸುಪ್ರೀಂ ಕೋರ್ಟ್ ಕೇಸ್ ತಗೊಳ್ಳೋದೇ ಇಲ್ಲ ಅಂತು.

ವರ್ಷಗಟ್ಟಲೆ ಓದಿ ಸೀಟ್ ತಪ್ಪಿದ ಮಕ್ಕಳ ಸಂಕಟ ಸುಳ್ಳಲ್ಲ, ಅಂಥವರನ್ನ ನಾನೂ ನೋಡಿದೀನಿ. ಆದ್ರೂ ಎಲ್ಲಾ ಸ್ಕೂಲಿಗೂ ಸೀಟ್ ಇಟ್ಟಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಮೊದಲು ಬಡ ಮನೆ ಮಕ್ಕಳು ನೂರಕ್ಕೆ ಒಬ್ರೂ ಇರ್ಲಿಲ್ಲ, ಹೊಸ ಪದ್ಧತೀಲಿ ಮೊದಲ ವರ್ಷವೇ ಕಾಲು ಭಾಗ ಬಂದ್ರು. ಜನರ ತೆರಿಗೆ ದುಡ್ಡಿನ ಶಾಲೆ ಇದು. ನವೋದಯದಲ್ಲಿ ಮುಕ್ಕಾಲು ಪಾಲು ಸೀಟು ಹಳ್ಳಿ ಮಕ್ಕಳಿಗೆ ಅಂದ್ರೆ ತಲೆಯಾಡಿಸೋ ನಾವು ಇಲ್ಲಿಗೆ ಬಂದ ತಕ್ಷಣ ಬೇರೆ ನ್ಯಾಯ ಕೇಳೋದು ಹೆಂಗೆ?

ನಿಜವಾದ ಜಗಳ ಆಡ್ಬೇಕಾಗಿರೋದು ಬೇರೆ ಕಡೆ. ವರ್ಷಕ್ಕೆ 550 ಚಿಲ್ಲರೆ ಸೀಟಿಗೆ ಇಷ್ಟು ದೊಡ್ಡ ಪ್ರದೇಶದ ಮಕ್ಕಳು ಯಾಕೆ ಕಿತ್ತಾಡ್ಬೇಕು? ಲೌಡನ್‌ನವರು 2018ರಲ್ಲಿ ಅಕಾಡೆಮೀಸ್ ಆಫ್ ಲೌಡನ್ ಅಂತ ತಮ್ಮದೇ ಒಂದು ಶುರು ಮಾಡಿದ್ರಲ್ಲ, ಆಗುತ್ತೆ ಅಂತಾಯ್ತು. ವಾಟ್ಸಾಪ್ ಗ್ರೂಪಲ್ಲಿ ಕಟಾಫ್ ಲೆಕ್ಕ ಹಾಕೋ ಅಣ್ಣಂದಿರು, ಅಕ್ಕಂದಿರು ದಯವಿಟ್ಟು ಈ ಸಲ ಸ್ಕೂಲ್ ಬಜೆಟ್ ಹಿಯರಿಂಗಿಗೆ ಬನ್ನಿ, ನಮ್ಮ ಏರಿಯಾದ ಮಾಮೂಲಿ ಹೈಸ್ಕೂಲಿಗೂ ಅಂಥ ಒಂದು ರಿಸರ್ಚ್ ಲ್ಯಾಬ್, ಅದನ್ನ ನಡೆಸೋಕೆ ಗೊತ್ತಿರೋ ಒಬ್ಬ ಟೀಚರ್ ಕೊಡಿ ಅಂತ ಕೇಳೋಣ. ಬರೋರು ಕಾಮೆಂಟಲ್ಲಿ ಹೇಳಿ, ಒಟ್ಟಿಗೇ ಹೋಗೋಣ.